ಆಚೆ ಕಡೆ ಎತ್ತುವುದಿಲ್ಲ

ಯಾರಾದರೂ ‘ಎಲ್ಲ ಸರಿ ಉಂಟು’ ಎಂದರೆ ನನಗೆ ಇವತ್ತಿಗೂ ಆಗುವುದಿಲ್ಲ. ಮಗಳ ಮನೆ ಹೇಗುಂಟು ಎಂದು ಕೇಳಿದವರಿಗೆ ಯಾರೋ ಪಾಪ ಒಳ್ಳೆಯ ಮನಸ್ಸಿನಿಂದಲೇ ಆ ಮಾತು ಹೇಳಿರುತ್ತಾರೆ. ನಾನು ಮುಖ ತಿರುಗಿಸುತ್ತೇನೆ. ಅವರ ತಪ್ಪಲ್ಲ. ಎಪ್ಪತ್ತರ ದಶಕದಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ, ಮತ್ತು ದಿನಾ ಬೆಳಿಗ್ಗೆ ಆ ಮಾತನ್ನು ಕೇಳುವುದೇ ನನ್ನ ದಿನದ ಮೊದಲ ಕೆಲಸವಾಗಿತ್ತು.

ಬಂಟ್ವಾಳದ ಕಡೆ, ನದಿಗೆ ಹತ್ತಿರದ ಒಂದು ಸಣ್ಣ ಎಕ್ಸ್‌ಚೇಂಜ್. ಯಾವುದು ಎಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಸುಮ್ಮನೆ ಕೂತು ಪಿಂಚಣಿ ತಿನ್ನುತ್ತಿರುವ ಯಾರಿಗಾದರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾದೀತು. ಬಾಡಿಗೆ ಮನೆಯ ಎರಡು ಕೋಣೆ, ಒಂದರಲ್ಲಿ ನನ್ನ ಬೋರ್ಡು, ಇನ್ನೊಂದರಲ್ಲಿ ಸೂಪರ್‌ವೈಸರು. ಬೋರ್ಡಿನ ತುಂಬ ಸಣ್ಣ ಸಣ್ಣ ತೂತುಗಳು. ಒಬ್ಬರು ಕರೆ ಮಾಡಿದರೆ ಅವರ ತೂತಿನ ಮುಚ್ಚಳ ಟಪ್ಪೆಂದು ಬೀಳುತ್ತದೆ, ನಾವು ಪ್ಲಗ್ಗು ಚುಚ್ಚಿ ‘ಯಾರು ಬೇಕು’ ಎಂದು ಕೇಳಿ, ಇನ್ನೊಂದು ಪ್ಲಗ್ಗನ್ನು ಅವರಿಗೆ ಬೇಕಾದವರ ತೂತಿಗೆ ಚುಚ್ಚಬೇಕು. ಮಂಗಳೂರು, ಮೂಡುಬಿದಿರೆ, ಬೆಳ್ತಂಗಡಿ, ಚಾರ್ಮಾಡಿ ಹೀಗೆ ಹೊರಗಿನ ಊರಾದರೆ ಟ್ರಂಕ್ ಕಾಲ್. ಮೂಡುಬಿದಿರೆಯಿಂದ ಬೆಳ್ತಂಗಡಿ ಕಡೆಗೆ ಹೋಗುವ ಕರೆಗಳೂ ನಮ್ಮ ಬೋರ್ಡಿನ ಮೂಲಕವೇ ಹೋಗುತ್ತಿದ್ದವು.

ಸೂಪರ್‌ವೈಸರನ್ನು ‘ಅವರು’ ಎಂದೇ ಬರೆಯುತ್ತೇನೆ. ಅಭ್ಯಾಸಬಲ, ಗೌರವ ಅಲ್ಲ. ಬೆಳಿಗ್ಗೆ ಬಂದ ಕೂಡಲೇ ಬೆಂಕಿಕಡ್ಡಿಯಲ್ಲಿ ಕಿವಿ ಕೆರೆದು, ಆ ಕಡ್ಡಿಯನ್ನು ನೋಡಿ, ಮೇಜಿನ ಅಂಚಿಗೆ ಒರೆಸಿ, ಅದೇ ಕೈಯಲ್ಲಿ ನನ್ನ ಬೋರ್ಡಿನ ರಿಸೀವರ್ ಎತ್ತಿಕೊಳ್ಳುತ್ತಿದ್ದರು. ಅವರು ಇಟ್ಟ ಮೇಲೆ ನಾನು ಒದ್ದೆ ಬಟ್ಟೆಯಲ್ಲಿ ಅದನ್ನು ಉಜ್ಜುತ್ತಿದ್ದೆ. ‘ಎಂತ ಮಾರಾಯ್ತಿ, ನಿನಗೆ ಮಡಿಯಾ?’ ಎಂದು ನಗುತ್ತಿದ್ದರು. ಮಡಿಯಲ್ಲ, ಹೇಸಿಗೆ.

ರಿಸೀವರ್ ಎತ್ತುತ್ತಿದ್ದದ್ದು ಬೆಳಗಿನ ವರದಿಗೆ. ಜಿಲ್ಲಾ ಕಚೇರಿಯಿಂದ ಒಬ್ಬರು ಸಾಲಾಗಿ ಎಲ್ಲ ಎಕ್ಸ್‌ಚೇಂಜುಗಳನ್ನೂ ಕರೆದು ಕೇಳುತ್ತಿದ್ದರು: ‘ನಿಮ್ಮದು ಹೇಗುಂಟು? ಮೇಲಿನದು ಹೇಗುಂಟು?’ ಮೇಲಿನದು ಎಂದರೆ ನಮ್ಮಿಂದ ಆಚೆ, ಬೆಳ್ತಂಗಡಿ ದಾಟಿ ಘಾಟಿಯ ಬುಡದ ಚಾರ್ಮಾಡಿಯವರೆಗೆ ಹೋಗುವ ಲೈನು. ನಮ್ಮವರು ಕಣ್ಣು ಮುಚ್ಚಿಕೊಂಡು, ‘ಸರಿ ಉಂಟು, ಸರಿ ಉಂಟು’ ಎನ್ನುತ್ತಿದ್ದರು. ಎರಡು ಪ್ರಶ್ನೆಗೆ ಎರಡು ಸಲ. ಬೋರ್ಡಿನ ಕಡೆ ತಿರುಗಿ ಒಮ್ಮೆಯೂ ನನ್ನನ್ನು ಕೇಳಿದವರಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಕೇಳಿದ್ದೆ, ನೋಡದೆ ಹೇಗೆ ಹೇಳುವುದು ಎಂದು. ಅವರು ಸಮಾಧಾನದಿಂದಲೇ ಪಾಠ ಮಾಡಿದರು. ‘ಸರಿ ಉಂಟು ಅಂದರೆ ಆ ಮಾತು ಅಲ್ಲಿಗೆ ಮುಗೀತದೆ. ಇಲ್ಲ ಅಂದರೆ ಯಾವಾಗಿಂದ ಇಲ್ಲ, ಯಾವ ಕಂಬ, ಯಾರು ಹೋದರು, ಯಾಕೆ ಸರಿ ಆಗ್ಲಿಲ್ಲ, ಎಲ್ಲ ಹೇಳ್ಬೇಕು. ಮತ್ತೆ ಜೀಪು ಬರ್ತದೆ. ಜೀಪಿನಲ್ಲಿ ಬಂದವರಿಗೆ ಕೋಳಿ ಆಗ್ಬೇಕು. ಯಾರಿಗೆ ಬೇಕು?’

ಇನ್ನೂ ಒಂದು ಪಾಠವಿತ್ತು. ದೂರು ಬಾರದ ಲೈನು ಒಳ್ಳೆಯ ಲೈನು. ದೂರು ಬರಬೇಕಾದದ್ದು ಫೋನಿನಲ್ಲಿ. ಪೇಟೆಯ ಕೊಪ್ಪರದ ವ್ಯಾಪಾರಿಯೊಬ್ಬರು ಒಂದು ದಿನ ಕೊಡೆ ಹಿಡಿದುಕೊಂಡು ನಡೆದು ಬಂದು, ತಮ್ಮ ಫೋನು ಸತ್ತುಹೋಗಿದೆ ಎಂದರು. ಸೂಪರ್‌ವೈಸರು, ‘ಫೋನ್ ಮಾಡಿ ಹೇಳಿ, ಬರೆದುಕೊಳ್ತೇವೆ’ ಎಂದರು. ವ್ಯಾಪಾರಿ ತಮಾಷೆ ಎಂದುಕೊಂಡು ನಕ್ಕರು. ತಮಾಷೆ ಅಲ್ಲ ಎಂದು ತಿಳಿದಾಗ ಅವರ ಮುಖ ನೋಡುವ ಹಾಗಿರಲಿಲ್ಲ. ಹಿಂದೆ ಹೋಗುವಾಗ ಮೆಟ್ಟಿಲ ಮೇಲೆ ಉಗಿದು ಹೋದರು. ಆ ಉಗುಳಿಗೆ ನಾನೇ ನೀರು ಹಾಕಿದೆ, ಆದರೆ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ನನ್ನ ಮನೆ ಮೂಡುಬಿದಿರೆಯ ಹೊರಗೆ. ವಾರದ ದಿನಗಳಲ್ಲಿ ಬಿ.ಸಿ.ರೋಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು, ರಜೆಗೆ ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದರು. ರಕ್ತಸಂಬಂಧವಲ್ಲ, ಕರೆಯುವುದಷ್ಟೆ. ಅವರಿಗೆ ಒಬ್ಬನೇ ತಮ್ಮ. ಅವನು ಚಾರ್ಮಾಡಿಯಲ್ಲಿ ಹೆಂಡತಿಯ ಊರಿನಲ್ಲಿ ನೆಲೆಸಿ, ಘಾಟಿ ಹತ್ತುವ ಲಾರಿಯವರಿಗೆ ಚಾ, ಬನ್ಸು ಕೊಡುವ ಒಂದು ಸಣ್ಣ ಹೋಟೆಲು ಇಟ್ಟಿದ್ದ. ಹೋಟೆಲಿಗೆ ತಾಗಿಕೊಂಡೇ ಅವನ ಹೆಂಡತಿಯ ಅಣ್ಣನ ದಿನಸಿ ಅಂಗಡಿ. ಆ ಅಂಗಡಿಯಲ್ಲಿ ಫೋನಿತ್ತು. ದೊಡ್ಡಮ್ಮ ತಿಂಗಳಿಗೊಮ್ಮೆ ಮೂಡುಬಿದಿರೆಯ ಪೋಸ್ಟಾಫೀಸಿಗೆ ಹೋಗಿ ಕರೆ ಮಾಡಿಸುತ್ತಿದ್ದರು. ಅಂಗಡಿಯವ ಬಾಗಿಲಿಗೆ ಹೋಗಿ ಕೂಗುತ್ತಿದ್ದ, ತಮ್ಮ ಬರುತ್ತಿದ್ದ. ಅಂಗಡಿಯವನಿಗೆ ನನ್ನ ಸ್ವರ ಗುರುತಿತ್ತು. ‘ಹೇಳಿ ತಂಗಿ, ಯಾರನ್ನು ಕರೆಯಲಿ?’ ಎಂದು ಪ್ರೀತಿಯಿಂದಲೇ ಕೇಳುತ್ತಿದ್ದ. ಮುಖ ನೋಡಿದ್ದಿಲ್ಲ, ಆದರೂ ನಾವು ಗುರುತಿನವರು.

ಆ ವರ್ಷ ಮಳೆ ಹಿಡಿಯುವ ಮೊದಲೇ ತಮ್ಮನಿಗೆ ಎದೆನೋವು ಶುರುವಾಗಿತ್ತು. ದೊಡ್ಡಮ್ಮ ಒಮ್ಮೆ ಹೋಗಿ ನೋಡಿ ಬಂದಿದ್ದರು. ಬಂದವರು ಅಂಗಳದಲ್ಲಿ ಬಟ್ಟೆ ಒಣಗಿಸುತ್ತ ನನ್ನ ಅಮ್ಮನಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ತುಳುವಿನಲ್ಲಿ ಹೇಳಿದ್ದು, ಇಲ್ಲಿ ಕನ್ನಡ ಮಾಡಿದ್ದೇನೆ. ‘ಉಳಿಯುವ ಹಾಗೆ ಕಾಣುವುದಿಲ್ಲ. ಹೋಗುವಾಗ ಅವನ ಬಾಯಿಗೆ ನೀರು ಬಿಡ್ಲಿಕ್ಕೆ ನನಗೆ ಸಿಕ್ಕಿದರೆ ಸಾಕು. ಏನಾದರೂ ಆದರೆ ಕೂಡಲೇ ಫೋನ್ ಮಾಡಿ ಅಂತ ಅಂಗಡಿಯವನಿಗೆ ಹೇಳಿ ಬಂದಿದ್ದೇನೆ.’

ನಮ್ಮ ಕಡೆಯ ಕಟ್ಟು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮದು ಅಳಿಯಕಟ್ಟು. ಗಂಡಸು ಎಲ್ಲಿ ಸಂಸಾರ ಮಾಡಿದರೂ ಅವನು ತಾಯಿಯ ಕುಟುಂಬದವನೇ. ಅವನು ಸತ್ತರೆ ಆ ಕುಟುಂಬದವರು ಬಂದು ಬಿಳಿ ಬಟ್ಟೆ ಹೊದೆಸಿ, ಬಾಯಿಗೆ ನೀರು ಬಿಡದೆ ಹೆಣ ಎತ್ತುವುದಿಲ್ಲ. ಅದಕ್ಕೇ ಸಾವಿನ ಸುದ್ದಿ ಮುಟ್ಟಿಸುವುದೆಂದರೆ ನಮ್ಮಲ್ಲಿ ಬರೀ ಸುದ್ದಿ ಅಲ್ಲ. ಎಷ್ಟೇ ಜಗಳವಿರಲಿ, ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಆ ಸಂಬಂಧ ಮುರಿದಂತೆ. ಮುಟ್ಟಿದ ಮೇಲೂ ಬಾರದಿದ್ದರೆ ಆಗಲೂ ಮುರಿದಂತೆ. ನಡುವೆ ಬೇರೆ ದಾರಿ ಇಲ್ಲ.

ಆಮೇಲೆ ಆ ಮಳೆ ಬಂತು. ನೇತ್ರಾವತಿ ಬಂಟ್ವಾಳ ಪೇಟೆಯೊಳಗೆ ನುಗ್ಗಿದ ವರ್ಷಗಳಲ್ಲಿ ಅದೂ ಒಂದು. ಪೇಟೆಗೆ ನೀರು ಬರುವ ಎಷ್ಟೋ ಮೊದಲು ನಮ್ಮ ಮೇಲಿನ ಲೈನು ಸತ್ತಿತು. ಲೈನು ಬದುಕಿದ್ದರೆ ಪ್ಲಗ್ಗು ಚುಚ್ಚಿದಾಗ ಕಿವಿಯಲ್ಲಿ ಒಂದು ಸಣ್ಣ ಗುಂಯ್ ಇರುತ್ತದೆ. ಸತ್ತರೆ ಏನೂ ಇರುವುದಿಲ್ಲ. ಆ ಬೆಳಿಗ್ಗೆ ನಾನು ಬೆಳ್ತಂಗಡಿಗೆ ಚುಚ್ಚಿದೆ, ಏನೂ ಇಲ್ಲ. ಆಚೆ ಗಂಟೆ ಬಾರಿಸುವ ಕೈಹಿಡಿ ತಿರುಗಿಸಿ ತಿರುಗಿಸಿ ನೋಡಿದೆ, ಏನೂ ಇಲ್ಲ. ಎದ್ದು ಹೋಗಿ ಸೂಪರ್‌ವೈಸರಿಗೆ ಹೇಳಿದೆ.

‘ಮೇಲಿನದು ಪೂರಾ ಹೋಗಿದೆ ಸಾರ್.’

‘ಯಾರು ಹೇಳಿದ್ದು?’

‘ಯಾರಾದರೂ ಹೇಳ್ಬೇಕಾ? ನಾನೇ ನೋಡಿದ್ದು.’

‘ಬೆಳ್ತಂಗಡಿಯವರು ಇಲ್ಲ ಅಂತ ಹೇಳಿದ್ದಾರಾ?’

‘ಅವರು ಹೇಗೆ ಹೇಳ್ತಾರೆ ಸಾರ್? ಲೈನೇ ಇಲ್ಲ.’

‘ಹಾಗಾದರೆ ಇಲ್ಲ ಅಂತ ಹೇಳಿದವರು ಯಾರೂ ಇಲ್ಲ,’ ಎಂದರು. ಅವರಿಗೆ ಅದು ಲೆಕ್ಕ ಸರಿಹೋದ ಹಾಗೆ ಕಂಡಿತು. ಆಗಲೇ ಜಿಲ್ಲಾ ಕಚೇರಿಯ ಕರೆ ಬಂತು. ಅವರು ಬೋರ್ಡಿನ ಹತ್ತಿರ ಬಂದು ರಿಸೀವರ್ ಎತ್ತಿ, ನನ್ನ ಮುಖವನ್ನೇ ನೋಡುತ್ತ, ‘ಸರಿ ಉಂಟು, ಸರಿ ಉಂಟು’ ಎಂದರು.

ಮಳೆಗಾಲದ ಆ ದಿನಗಳಲ್ಲಿ ವರದಿ ಸಂಜೆಗೂ ಬೇಕಾಗುತ್ತಿತ್ತು. ಎಲ್ಲಿ ಲೈನು ಹೋಗಿದೆ ಎಂದು ಗೊತ್ತಾದರೆ ಅಲ್ಲಿಗೆ ಜೀಪು, ದೋಣಿ, ಪೊಲೀಸರು ಯಾರನ್ನಾದರೂ ಕಳಿಸಬಹುದು ಎಂಬುದು ಅದರ ಉದ್ದೇಶ. ಲೈನು ಇರುವಲ್ಲಿಗೆ ಯಾರನ್ನೂ ಕಳಿಸಬೇಕಾಗಿಲ್ಲ, ತೊಂದರೆ ಇದ್ದರೆ ಅವರೇ ಕರೆಯುತ್ತಾರೆ. ಹಾಗಾಗಿ ನಮ್ಮ ಸೂಪರ್‌ವೈಸರು ಕಣ್ಣು ಮುಚ್ಚಿ ಹೇಳಿದ ಆ ಮಾತಿನಿಂದ ಚಾರ್ಮಾಡಿಗೆ ಯಾರೂ ಹೋಗಲಿಲ್ಲ. ಸಾಲದ್ದಕ್ಕೆ ಸಂಜೆ ರೇಡಿಯೋದ ವಾರ್ತೆಯಲ್ಲೂ ಅದು ಬಂತು. ತಾಲೂಕುಗಳಲ್ಲಿ ದೂರವಾಣಿ ಸಂಪರ್ಕ ಸುಸ್ಥಿತಿಯಲ್ಲಿದೆ. ಚಿಕ್ಕಮ್ಮನ ಮನೆಯಲ್ಲಿ ಗಂಜಿ ಉಣ್ಣುತ್ತ ಅದನ್ನು ಕೇಳಿದೆ. ಬೆಳಿಗ್ಗೆ ಬೆಂಕಿಕಡ್ಡಿ ಹಿಡಿದವರ ಬಾಯಿಂದ ಹೊರಟದ್ದು ಸಂಜೆಗೆ ‘ಸುಸ್ಥಿತಿ’ ಆಗಿತ್ತು. ಅಷ್ಟು ಚೆಂದದ ಕನ್ನಡ ಸಿಕ್ಕಿದ ಮೇಲೆ ಸುಳ್ಳಿಗೆ ಇನ್ನೇನು ಬೇಕು? ಗಂಜಿ ಬಿಟ್ಟು ಎದ್ದೆ.

ಮರುದಿನ ಮಳೆ ಸ್ವಲ್ಪ ಬಿಟ್ಟಿತ್ತು. ದೊಡ್ಡಮ್ಮ ಸಿದ್ಧಕಟ್ಟೆ ಮಾರ್ಗವಾಗಿ ಬಸ್ಸಿನಲ್ಲಿ ನಮ್ಮ ಎಕ್ಸ್‌ಚೇಂಜಿಗೇ ಬಂದರು. ಸೀರೆ ಮೊಣಕಾಲಿನವರೆಗೆ ಕೆಸರು. ಮೂಡುಬಿದಿರೆಯಿಂದ ಕಾಲ್ ಸಿಗಲಿಲ್ಲವಂತೆ. ‘ರೇಡಿಯೋದಲ್ಲಿ ಲೈನ್ ಉಂಟು ಅಂತ ಹೇಳಿದರು. ನೀನೇ ಒಮ್ಮೆ ಹಾಕಿ ಕೊಡು ಮಗ. ಮನಸ್ಸಿಗೆ ಸಮಾಧಾನ ಇಲ್ಲ,’ ಎಂದರು.

‘ರೇಡಿಯೋ ಬಿಡಿ ದೊಡ್ಡಮ್ಮ. ಲೈನ್ ಇಲ್ಲ. ನಿನ್ನೆ ಬೆಳಿಗ್ಗೆಯಿಂದ ಸತ್ತು ಬಿದ್ದಿದೆ. ಅವರಿಗೆ ಕರೆಯಲಿಕ್ಕೂ ಆಗುವುದಿಲ್ಲ, ನಮಗೂ ಆಗುವುದಿಲ್ಲ,’ ಎಂದೆ. ಅವರ ಕಿವಿಗೆ ಹೆಡ್‌ಸೆಟ್ ಹಿಡಿದು ತೋರಿಸಿದೆ ಕೂಡ. ಅವರಿಗೆ ಅದರಲ್ಲಿ ಏನು ತಿಳಿಯಬೇಕು?

ಅಷ್ಟರಲ್ಲಿ ಸೂಪರ್‌ವೈಸರು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಚಾ ಕುಡಿದ ಕೈ. ಹೊರಗಿನವರ ಮುಂದೆ ನಾನು ‘ಲೈನ್ ಇಲ್ಲ’ ಎಂದದ್ದು ಅವರಿಗೆ ಕೇಳಿಸಿತ್ತು. ರೇಡಿಯೋದಲ್ಲಿ ಸುಸ್ಥಿತಿ ಎಂದು ಬಂದ ಮೇಲೆ ತಮ್ಮದೇ ಬಾಗಿಲಲ್ಲಿ ತಮ್ಮದೇ ಆಪರೇಟರ್ ಇಲ್ಲ ಎಂದರೆ ಹೇಗಾದೀತು?

‘ಲೈನ್ ಸರಿ ಉಂಟು ಅಮ್ಮ,’ ಎಂದರು. ‘ಇವಳು ಹೊಸಬಳು, ಗೊತ್ತಾಗುವುದಿಲ್ಲ. ಲೈನಿಗೇನೂ ಆಗಿಲ್ಲ. ಆಚೆ ಕಡೆ ಎತ್ತುವುದಿಲ್ಲ, ಅಷ್ಟೆ.’

ನಾನು ಹೊಸಬಳಾಗಿರಲಿಲ್ಲ. ಆದರೆ ಅದಲ್ಲ ಮಾತು. ದೊಡ್ಡಮ್ಮ ಅವರ ಇಸ್ತ್ರಿ ಮಾಡಿದ ಅಂಗಿ ನೋಡಿದರು, ನನ್ನ ಮುಖ ನೋಡಿದರು. ಅಂಗಿ ಗೆದ್ದಿತು. ‘ಎತ್ತುವುದಿಲ್ಲವಾ?’ ಎಂದು ಮೆಲ್ಲಗೆ ಕೇಳಿದರು. ‘ಎತ್ತುವುದಿಲ್ಲ,’ ಎಂದರು ಇವರು ಇನ್ನೊಮ್ಮೆ, ಉಪಕಾರ ಮಾಡಿದ ಹಾಗೆ. ನಾನು ಎದ್ದು ನಿಂತು, ‘ಸುಳ್ಳು ದೊಡ್ಡಮ್ಮ, ನಂಬಬೇಡಿ,’ ಎಂದೆ. ಸೂಪರ್‌ವೈಸರು ನಕ್ಕರು. ದೊಡ್ಡಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ಬಸ್ಸು ತಪ್ಪುತ್ತದೆ ಎಂದು ಹೊರಟರು. ಆ ಮಾತನ್ನು ಅವರು ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ಅದಾದ ಮೇಲೆ ನದಿ ಏರಿತು. ನಮ್ಮ ಮೆಟ್ಟಿಲಿನವರೆಗೆ ನೀರು ಬಂತು, ಜಿಲ್ಲಾ ಕಚೇರಿಗೆ ಹೋಗುವ ನಮ್ಮ ಲೈನೂ ಕಡಿಯಿತು. ಇನ್ನಾದರೂ ಈ ಸುಳ್ಳು ನಿಲ್ಲುತ್ತದೆ, ನಾವು ಬಾಯಿ ತೆರೆಯದಿದ್ದರೆ ಅವರಿಗೆ ಗೊತ್ತಾಗಲೇಬೇಕು ಎಂದುಕೊಂಡೆ. ನಾನು ದಡ್ಡಿ. ಆಮೇಲೆ ಗೊತ್ತಾಯಿತು, ನಮ್ಮಿಂದ ಉತ್ತರ ಬಾರದಿದ್ದಾಗ ಜಿಲ್ಲಾ ಕಚೇರಿಯವರು ನಿನ್ನೆಯದನ್ನೇ ಇವತ್ತಿಗೂ ಇಟ್ಟುಕೊಂಡರಂತೆ. ನಿನ್ನೆ ಸರಿ ಇತ್ತು, ಇವತ್ತು ಇಲ್ಲ ಎಂದು ಯಾರೂ ಹೇಳಿಲ್ಲ, ಆದ್ದರಿಂದ ಸರಿ ಉಂಟು. ಅಂದರೆ ಈ ಬುದ್ಧಿ ನಮ್ಮ ಸೂಪರ್‌ವೈಸರೊಬ್ಬರದ್ದೇ ಅಲ್ಲ, ಮೇಲಿನಿಂದ ಕೆಳಗಿನವರೆಗೆ ಒಂದೇ ಹಂಡೆಯ ನೀರು. ಚಾವಡಿಯಲ್ಲಿ ಮಂಡಿಯವರೆಗೆ ನೀರು ನಿಂತ ಮನೆಗಳ ಫೋನುಗಳೂ ಆ ದಿನ ಸುಸ್ಥಿತಿಯಲ್ಲಿದ್ದವು.

ನೀರು ಇಳಿದ ಮೇಲೆ ಒಂದು ರಜೆಯ ದಿನ ನಾನು ಊರಿನಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮನ ಅಂಗಳಕ್ಕೆ ಒಬ್ಬ ಮಧ್ಯವಯಸ್ಸಿನ ಗಂಡಸು ಬಂದು ನಿಂತ. ತಲೆ ಬೋಳಿಸಿದ್ದ. ‘ನಾನು ಚಾರ್ಮಾಡಿಯಿಂದ,’ ಎಂದಾಗ ನನಗೆ ಸ್ವರ ಗುರುತಾಯಿತು. ಅಂಗಡಿಯವ. ಅವನನ್ನು ನಾನು ನೋಡಿದ್ದು ಅದೇ ಮೊದಲು.

ತಮ್ಮ ಹೋಗಿಬಿಟ್ಟಿದ್ದ. ಲೈನು ಸತ್ತ ಬೆಳಿಗ್ಗೆಯೇ ನೋವು ಹೆಚ್ಚಾಗಿತ್ತಂತೆ, ಮರುದಿನ ತೀರಿಹೋದನಂತೆ. ಅಂದರೆ ದೊಡ್ಡಮ್ಮ ನಮ್ಮ ಎಕ್ಸ್‌ಚೇಂಜಿನಲ್ಲಿ ನಿಂತಿದ್ದ ದಿನವೇ. ಅಂಗಡಿಯವ ಫೋನಿನ ಕೈಹಿಡಿ ತಿರುಗಿಸಿ ತಿರುಗಿಸಿ ಸೋತನಂತೆ. ನಡೆದಾದರೂ ಸುದ್ದಿ ಮುಟ್ಟಿಸಲಿ ಎಂದು ಒಬ್ಬನನ್ನು ಕಳಿಸಿದರೆ ತೋಡಿನ ಮೋರಿ ಕೊಚ್ಚಿಹೋಗಿ ಅವನು ಹಿಂದೆ ಬಂದನಂತೆ. ಹೆಣವನ್ನು ಎಷ್ಟು ಹೊತ್ತು ಇಡಬಹುದೋ ಅಷ್ಟು ಇಟ್ಟರಂತೆ. ಕಡೆಗೆ ಒದ್ದೆ ಸೌದೆಗೆ ಸೀಮೆಎಣ್ಣೆ ಸುರಿದು ಸುಟ್ಟರಂತೆ.

ದೊಡ್ಡಮ್ಮ ಜಗಲಿಯ ಮೇಲೆ ಕಂಬ ಹಿಡಿದು ನಿಂತಿದ್ದರು. ಕೂರಿ ಎನ್ನಲಿಲ್ಲ. ಬೆಲ್ಲ ನೀರು ಕೊಡಲಿಲ್ಲ. ನಮ್ಮ ಕಡೆ ಶತ್ರು ಬಂದರೂ ಬೆಲ್ಲ ನೀರು ಕೊಡುತ್ತಾರೆ.

‘ಲೈನ್ ಸರಿ ಇತ್ತು,’ ಎಂದರು.

‘ಇರಲಿಲ್ಲ ಅಕ್ಕ. ದೇವರಾಣೆ ಇರಲಿಲ್ಲ.’

‘ದೊಡ್ಡ ಆಫೀಸರೇ ನನ್ನ ಎದುರು ಹೇಳಿದ್ದಾರೆ. ಲೈನ್ ಸರಿ ಉಂಟು, ಆಚೆ ಕಡೆ ಎತ್ತುವುದಿಲ್ಲ ಅಂತ. ರೇಡಿಯೋದಲ್ಲೂ ಬಂದಿದೆ. ನನ್ನ ತಮ್ಮ ಸಾಯ್ತಾ ಇದ್ದ, ನೀವು ಫೋನು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ? ನಾವು ಬಂದರೆ ಎಂತ ಕೇಳ್ತೇವೆ ಅಂತ ಹೆದರಿಕೆಯಾ?’

ನಾನು ಬೇಲಿ ದಾಟಿ ಓಡಿ ಹೋದೆ. ಅವರ ಅಂಗಳದ ನಡುವೆ ನಿಂತು, ಲೈನು ಸತ್ತಿತ್ತು, ನಾನು ನೋಡಿದ್ದೇನೆ, ನನ್ನ ಕೈಯಲ್ಲೇ ನೋಡಿದ್ದೇನೆ ಎಂದು ಅತ್ತುಕೊಂಡು ಹೇಳಿದೆ. ದೊಡ್ಡಮ್ಮ ನನ್ನನ್ನು ಗದರಿಸಲೂ ಇಲ್ಲ. ‘ನೀನು ಸಣ್ಣವಳು ಮಗ. ನಿನಗೆ ಕನಿಕರ ಜಾಸ್ತಿ,’ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಡುವ ಮೊದಲು ಅಂಗಡಿಯವ ನನಗೆ ಹೇಳಿದ: ‘ಆ ಆಫೀಸರು ಒಮ್ಮೆ ಬಂದು ಲೈನ್ ಇರಲಿಲ್ಲ ಅಂತ ಹೇಳಿದರೆ ಸಾಕು ತಂಗಿ. ಬೊಜ್ಜದ ಮೊದಲು ಹೇಳಿದರೆ ಇವರು ಬರ್ತಾರೆ. ನನ್ನ ತಂಗಿ ಅಲ್ಲಿ ಊಟ ಬಿಟ್ಟು ಕೂತಿದ್ದಾಳೆ.’ ಬೊಜ್ಜ ಎಂದರೆ ಉತ್ತರಕ್ರಿಯೆ. ತಾಯಿ ಕುಟುಂಬ ಬಾರದೆ ಬೊಜ್ಜ ನಡೆದರೆ ಅದು ಕುತ್ತಿಗೆಗೆ ಕಟ್ಟಿದ ಕಲ್ಲು.

ಮರುದಿನ ಬೆಳಿಗ್ಗೆ ಸೂಪರ್‌ವೈಸರ ಮೇಜಿನ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು, ನಡುನಡುವೆ ‘ತ್ಸು ತ್ಸು’ ಎಂದೂ ಅಂದರು. ನನಗೆ ಆಸೆ ಹುಟ್ಟಿತು.

‘ಒಂದು ಸಲ ಬನ್ನಿ ಸಾರ್. ಬಸ್ಸಿಗೆ ನಾನೇ ಕರ್ಕೊಂಡು ಹೋಗ್ತೇನೆ. ಆ ದಿನ ಲೈನ್ ಇರಲಿಲ್ಲ ಅಂತ ಅವರ ಜಗಲಿಯಲ್ಲಿ ನಿಂತು ಹೇಳಿದರೆ ಆಯ್ತು. ಬರವಣಿಗೆಯಲ್ಲಿ ಬೇಡ.’

‘ಹೇಳಿದ್ದನ್ನು ತಿರುಗಿಸುವುದು ಹೇಗೆ ಮಾರಾಯ್ತಿ? ಅದು ಮೇಲೆ ಹೋಗಿ ಆಯ್ತಲ್ಲ. ಸುಸ್ಥಿತಿಯಲ್ಲಿತ್ತು ಅಂತ ಆಗಿದೆ.’

‘ಒಂದು ಮನೆಯ ಮಾತು ಸಾರ್.’

‘ಸತ್ತವ ವಾಪಸ್ ಬರ್ತಾನಾ?’ ಎಂದು ಕೇಳಿ, ಬೆಂಕಿಪೊಟ್ಟಣಕ್ಕೆ ಕೈ ಹಾಕಿದರು. ಕಡ್ಡಿ ತೆಗೆದರು. ನಾನು ನೋಡಲಾರದೆ ಬೋರ್ಡಿಗೆ ಬಂದು ಕೂತೆ. ಜಿಲ್ಲಾ ಕಚೇರಿಯ ಕರೆ ಬಂತು. ಮೇಲಿನ ಲೈನು ಆಗಲೂ ಸತ್ತೇ ಇತ್ತು. ‘ಸರಿ ಉಂಟು, ಸರಿ ಉಂಟು.’ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಇದು ಮಾತಿನ ಅಲಂಕಾರಕ್ಕೆ ಹೇಳುವುದಲ್ಲ, ನಿಜವಾಗಿಯೂ ಮಾಡಿಕೊಂಡೆ.

ನಾನೇ ಜಿಲ್ಲಾ ಕಚೇರಿಗೆ ಹೋಗಿಯೂ ನೋಡಿದೆ. ಅಲ್ಲಿಯವರು ನನ್ನ ಸೂಪರ್‌ವೈಸರ ಮೂಲಕ ಬನ್ನಿ ಎಂದರು. ಬೊಜ್ಜ ಆಗಿಹೋಯಿತು. ಮೂಡುಬಿದಿರೆಯಿಂದ ಯಾರೂ ಹೋಗಲಿಲ್ಲ.

ಮುಂದಿನದು ನಗು ಬರುವಂಥದ್ದು, ನಗುವ ಶಕ್ತಿ ಇದ್ದವರಿಗೆ. ಮೇಲಿನ ಲೈನಿನ ಕಂಬಗಳು ಸಾಲಾಗಿ ಮಲಗಿದ್ದವು. ಹೊಸ ಕಂಬ ಕೇಳಬೇಕಾದರೆ ಹಳೆಯದು ಬಿದ್ದಿದೆ ಎನ್ನಬೇಕು. ಬಿದ್ದದ್ದೇ ಇಲ್ಲ ಎಂದು ವರದಿ ಹೋಗಿದೆ. ಹಾಗಾಗಿ ಲೈನ್‌ಮ್ಯಾನ್‌ಗಳು ಯಾರದೋ ತೋಟದಲ್ಲಿ ಮಳೆಗೆ ಬಿದ್ದ ಅಡಿಕೆ ಮರಗಳನ್ನು ಬೇಡಿ ತಂದು ನೆಟ್ಟು, ಅದಕ್ಕೇ ತಂತಿ ಕಟ್ಟಿದರು. ಗಾಳಿ ಬಂದರೆ ಅವು ಬಳುಕುತ್ತಿದ್ದವು. ಒಂದಕ್ಕೆ ಒಂದು ತಂತಿ ತಾಗಿ, ಉಜಿರೆಯವರ ಮಾತಿನ ನಡುವೆ ಬೆಳ್ತಂಗಡಿಯವರ ಜಗಳ ಕೇಳುತ್ತಿತ್ತು. ವರ್ಷಗಟ್ಟಲೆ ಹಾಗೇ ಇತ್ತು. ಮತ್ತು ನೆರೆಯ ಕಾಲದಲ್ಲೂ ಸೇವೆ ತಪ್ಪಿಸದ ಎಕ್ಸ್‌ಚೇಂಜ್ ಎಂದು ನಮಗೆ ಪ್ರಶಂಸೆ ಬಂತು. ಜೀಪಿನಲ್ಲೇ ಬಂತು. ಸಜ್ಜಿಗೆ, ಅವಲಕ್ಕಿ, ಬಾಳೆಹಣ್ಣು ಹಂಚಿದರು. ಜೀಪಿನವರಿಗೆ ಕೋಳಿಯೂ ಆಯಿತು. ನನ್ನ ಪಾಲಿನ ಎಲೆಯನ್ನು ನಾನು ಹೊರಗಿನ ನಾಯಿಗೆ ಹಾಕಿದೆ. ಸೂಪರ್‌ವೈಸರು ಅದನ್ನು ನೋಡಿದರು. ನೋಡಲಿ ಎಂದೇ ಹಾಕಿದ್ದು.

ಎಂಬತ್ತರ ದಶಕದಲ್ಲಿ ನನಗೆ ಮೂಡುಬಿದಿರೆಗೆ ವರ್ಗವಾಯಿತು. ಅಡಿಕೆ ಮರಗಳ ಜಾಗಕ್ಕೆ ಕಬ್ಬಿಣದ ಕಂಬಗಳು ಬಂದಿದ್ದವು. ಲೈನು ಈಗ ನಿಜವಾಗಿಯೂ ಚೆನ್ನಾಗಿತ್ತು. ನಾನು ಈಗ ಮನೆಯಿಂದಲೇ ಕೆಲಸಕ್ಕೆ ಹೋಗುತ್ತಿದ್ದೆ. ಬೆಳಗಿನ ವರದಿ ಹೇಳುವುದೂ ನನ್ನ ಪಾಲಿಗೇ ಬಂದಿತ್ತು. ನಾನು ಪ್ರತಿಯೊಂದು ತೂತಿಗೂ ಪ್ಲಗ್ಗು ಚುಚ್ಚಿ ನೋಡಿ, ಇಲ್ಲದ್ದಕ್ಕೆ ಇಲ್ಲ ಎಂದೇ ಹೇಳುತ್ತಿದ್ದೆ. ಜಗಳಗಂಟಿ ಎಂಬ ಹೆಸರು ಬಂತು. ಬರಲಿ.

ದೊಡ್ಡಮ್ಮ ತಮ್ಮನ ಮಾತನ್ನು ಆಮೇಲೆ ಎತ್ತಲೇ ಇಲ್ಲ. ಒಂದೇ ಒಂದು ಸಲ, ಹಲಸಿನ ಹಣ್ಣು ಬಿಡಿಸುತ್ತ, ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ, ‘ನೀನು ಹೇಳಿದ್ದು ನಿಜ ಇರಬಹುದು ಅಂತ ಒಮ್ಮೊಮ್ಮೆ ಕಾಣ್ತದೆ’ ಎಂದರು. ನಾನು, ‘ಈಗಲೂ ಕಾಲ್ ಹಾಕಿ ಕೊಡ್ತೇನೆ ದೊಡ್ಡಮ್ಮ, ಅಂಗಡಿಯವರ ಹತ್ರ ಒಂದು ಮಾತಾಡಿ’ ಎಂದೆ. ಅವರು ಸೊಳೆಯಿಂದ ಬೀಜ ತೆಗೆಯುತ್ತ ಹೇಳಿದರು: ‘ಬಾಗಿಲು ಹಾಕಿದವಳು ನಾನು. ಈಗ ಯಾವ ಬಾಯಲ್ಲಿ ಮಾತಾಡಲಿ?’ ಅಷ್ಟರಮಟ್ಟಿಗೆ ಅವರು ಸೂಪರ್‌ವೈಸರಿಗಿಂತ ದೊಡ್ಡವರು. ತಪ್ಪಿರಬಹುದು ಎಂದು ಒಮ್ಮೆಯಾದರೂ ಬಾಯಿ ಬಿಟ್ಟು ಹೇಳಿದರು.

ಅವರು ತೀರಿಕೊಂಡದ್ದು ಒಂದು ಬೆಳಿಗ್ಗೆ, ದನಕ್ಕೆ ಹುಲ್ಲು ಹಾಕುವಾಗ. ಆ ದಿನವೂ ಮಳೆ ಇತ್ತು, ಆದರೆ ಸಾಧಾರಣ ಮಳೆ. ನಾನು ಬೋರ್ಡಿನಲ್ಲಿದ್ದೆ. ಅವರ ಮಗ ಒದ್ದೆಯಾಗಿ ಬಂದ. ಅವನೂ ಮದುವೆಯಾಗಿ ಮಕ್ಕಳಿರುವ ಗಂಡಸು. ‘ಚಾರ್ಮಾಡಿಗೆ ಹೇಳ್ಬೇಕು ಅಕ್ಕ. ಹೇಗೂ ಮಾವನ ಹೆಂಡತಿ, ಮಕ್ಕಳು. ಅವರು ಬರ್ತಾರೆ ಅಂದರೆ ಸಂಜೆಯವರೆಗೆ ಕಾಯುವ,’ ಎಂದ.

ನಾನೇ ಹಾಕಿದೆ. ಗುಂಯ್ ಎಂಬ ಸಣ್ಣ ಸದ್ದು, ಆಮೇಲೆ ರಿಂಗು, ಆಮೇಲೆ ಎತ್ತಿದ ಸದ್ದು. ‘ಹಲೋ.’ ಅಂಗಡಿಯವನೇ. ಸ್ವರಕ್ಕೆ ವಯಸ್ಸಾಗಿತ್ತು.

‘ನಾನು ಮೂಡುಬಿದಿರೆಯಿಂದ.’

‘ಹೋ, ತಂಗಿ. ಎಷ್ಟು ವರ್ಷ ಆಯ್ತು ನಿಮ್ಮ ಸ್ವರ ಕೇಳದೆ. ಹೇಳಿ, ಹೇಳಿ.’

ಹೇಳಿದೆ. ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಬೆಳಿಗ್ಗೆ ತೀರಿಕೊಂಡರು, ನಿಮಗಾಗಿ ಕಾಯುತ್ತಾರೆ.

ಆಚೆ ಕಡೆ ಮಾತು ನಿಂತಿತು. ಲೈನು ಎಷ್ಟು ಚೆನ್ನಾಗಿತ್ತು ಎಂದರೆ ಅಂಗಡಿಯ ತಕ್ಕಡಿಯ ಸರಪಳಿ ಅಲುಗಿದ್ದು ಕೇಳಿತು. ಯಾರೋ ಗಿರಾಕಿ ಸಕ್ಕರೆ ಕೇಳಿದ್ದು ಕೇಳಿತು. ಅಂಗಡಿಯವನ ಉಸಿರು ಕೇಳಿತು. ಆಮೇಲೆ ಅವನು, ಬೇರೆಯೇ ಸ್ವರದಲ್ಲಿ, ಸ್ವಲ್ಪ ಗಟ್ಟಿಯಾಗಿ, ‘ಹಲೋ, ಹಲೋ,’ ಎಂದ. ‘ಏನೂ ಕೇಳುವುದಿಲ್ಲ. ಲೈನ್ ಸರಿ ಇಲ್ಲ ಅಂತ ಕಾಣ್ತದೆ.’

ಇಟ್ಟುಬಿಟ್ಟ.

ಆ ಬೋಳಿಸಿದ ತಲೆ, ಆ ಅಂಗಳ, ಕೊಡದೆ ಉಳಿದ ಬೆಲ್ಲ ನೀರು ನನ್ನ ಕಣ್ಣಿಗೆ ಬಂದವು. ಅವನ ಮೇಲೂ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೆಂಕಿಕಡ್ಡಿ ಹಿಡಿದ ಒಬ್ಬನ ಮೇಲೆಯೇ ಬಂತು. ಅವನು ಆ ಹೊತ್ತಿಗೆ ಪಿಂಚಣಿ ತೆಗೆದುಕೊಂಡು ಸುಖವಾಗಿದ್ದ. ಬಹುವಚನ ನೋಡಿ, ಇಲ್ಲಿ ಬಿಟ್ಟೇಹೋಯಿತು. ಇರಲಿ.

‘ಎಂತ ಹೇಳಿದರು?’ ಎಂದು ಮಗ ಕೇಳಿದ.

‘ಲೈನ್ ಸರಿ ಉಂಟು,’ ಎಂದೆ. ‘ಎತ್ತಿದರು. ಕೇಳಿಸಿಕೊಂಡರು. ಕೇಳುವುದಿಲ್ಲ ಅಂತ ಇಟ್ಟರು.’

ಅವನ ತಲೆಯಿಂದ ನೀರು ಇಳಿದು ಕಿಟಕಿಯ ಕಟ್ಟೆಯ ಮೇಲೆ ಬೀಳುತ್ತಿತ್ತು. ಆಮೇಲೆ, ‘ಲೈನ್ ಇಲ್ಲ ಅಂತ ಹೇಳ್ತೇನೆ ಮನೆಯಲ್ಲಿ,’ ಎಂದ. ‘ಸುದ್ದಿ ಮುಟ್ಟಿಯೂ ಬರಲಿಲ್ಲ ಅಂತ ಆದರೆ ಸಂಬಂಧ ಇವತ್ತಿಗೆ ಮುಗೀತು. ಮುಟ್ಟಲೇ ಇಲ್ಲ ಅಂದರೆ ಇನ್ನೊಂದು ದಿನಕ್ಕೆ ಉಳೀತದೆ. ಆಗಬಹುದಾ ಅಕ್ಕ?’

‘ನೀನು ಏನು ಬೇಕಾದರೂ ಹೇಳು ಮಾರಾಯ. ನನ್ನನ್ನು ಕೇಳಿದರೆ ನಾನು ಇದ್ದದ್ದನ್ನೇ ಹೇಳುವವಳು.’

ಮಧ್ಯಾಹ್ನ ನಾನು ಹೋಗುವಾಗ ಹೆಣ ಎತ್ತುವ ತಯಾರಿ ಆಗಿತ್ತು. ಅದೇ ಅಂಗಳ. ಅಲ್ಲಿ ನಿಂತಿದ್ದ ಹಿರಿಯರು, ‘ಚಾರ್ಮಾಡಿಗೆ ಲೈನ್ ಇಲ್ಲವಂತೆ. ಮತ್ತೆ ಅವರು ಹೇಗೆ ಬರುವುದು, ಪಾಪ’ ಎಂದು ಮಾತಾಡಿಕೊಳ್ಳುತ್ತಿದ್ದರು. ಎಲ್ಲರೂ ತಲೆಯಾಡಿಸಿದರು. ನಾನು ಇದೇ ಅಂಗಳದಲ್ಲಿ ಅತ್ತುಕೊಂಡು ಹೇಳಿದಾಗ ಒಬ್ಬರೂ ನಂಬದ ಮಾತು ಅದು. ಈಗ ಒಂದೇ ಸಲಕ್ಕೆ ನಂಬಿದರು. ಬೆಳಿಗ್ಗೆಯಿಂದ ಬೋರ್ಡಿನ ಮುಂದೆ ಕೂತಿದ್ದವಳು ನಾನು ಎದುರಿಗೇ ನಿಂತಿದ್ದೆ, ಯಾರೂ ನನ್ನನ್ನು ಕೇಳಲಿಲ್ಲ. ದೊಡ್ಡಮ್ಮನ ಬಾಯಿಗೆ ಎಲ್ಲರೂ ನೀರು ಬಿಟ್ಟರು, ನಾನೂ ಬಿಟ್ಟೆ. ಅವರಿಗೆ ತಮ್ಮನ ಬಾಯಿಗೆ ಬಿಡಲು ಸಿಗದೆ ಹೋದ ನೀರು.

ಮರುದಿನ ಬೆಳಿಗ್ಗೆ ಜಿಲ್ಲಾ ಕಚೇರಿಯವರು ಕರೆದು, ಬೆಳ್ತಂಗಡಿ, ಚಾರ್ಮಾಡಿ ಕಡೆ ಹೇಗುಂಟು ಎಂದು ಕೇಳಿದರು. ಪ್ಲಗ್ಗು ಚುಚ್ಚಿ ನೋಡಿದೆ. ಗುಂಯ್ ಎಂಬ ಸದ್ದು ಇತ್ತು. ‘ಸರಿ ಉಂಟು,’ ಎಂದೆ. ಅದು ನಿಜವಾಗಿತ್ತು. ಹೇಳಿದ ಮೇಲೆ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು ಮುಂದಿನ ಕರೆಗೆ ಕೂತೆ.